599 ರೂಪಾಯಿಯ ಡಬ್ಬಿ

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬರೆದ ಕೋಡ್‌ನಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ತಗೊಳ್ತೇನೆ. ಆದರೆ ಆನ್‌ಲೈನ್‌ನಲ್ಲಿ 599 ರೂಪಾಯಿಗೆ ತರಿಸಿದ ಟೂಲ್ ಕಿಟ್‌ನೊಳಗಿನ ಟೆಸ್ಟರ್ ಒಂದನ್ನು ಮಾತ್ರ ಟೆಸ್ಟ್ ಮಾಡದೇ ನಂಬಿಬಿಟ್ಟೆ. ಅದರಿಂದ ಮುರಿದದ್ದು ಅಪ್ಪನ ಬಲಗೈ ಮಣಿಕಟ್ಟು.

ನಮ್ಮ ಮನೆ ಕಾರವಾರದ ಹಬ್ಬುವಾಡದಲ್ಲಿ. ಬಸ್ ಡಿಪೋಗೆ ನಡೆದುಹೋಗುವಷ್ಟು ಹತ್ತಿರ. ಅಪ್ಪ ಅಲ್ಲೇ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದವನು. ಮೂಲ ಊರು ಅಂಕೋಲಾ ಕಡೆಯ ಅವರ್ಸಾ. ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನ ಪಿಜಿ ಬಿಟ್ಟು ಬಂದ ನಾನು, ಆಫೀಸಿಗೆ ತಿಂಗಳಿಗೊಮ್ಮೆ ಮುಖ ತೋರಿಸಿದರೆ ಸಾಕು ಅಂತಾದ ಮೇಲೆ ಇಲ್ಲೇ ಉಳಿದೆ. ಉಳಿದವಳು ಸುಮ್ಮನಿರಬೇಕಿತ್ತು. ಮನೆ ನೀಟು ಮಾಡುವ ಹುಕಿ ಹತ್ತಿತು.

ಟ್ರಂಕ್ ಹೋಯ್ತು, ಡಬ್ಬಿ ಬಂತು

ಅಟ್ಟದ ಮೇಲೆ ಅಪ್ಪನದೊಂದು ತಗಡಿನ ಟ್ರಂಕ್ ಇತ್ತು. ಎರಡು ಸುತ್ತಿಗೆ, ಒಂದಷ್ಟು ಪಾನಾ, ಅರ, ಉಳಿ, ಹ್ಯಾಕ್ಸಾ, ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದ ಕಟಿಂಗ್ ಪ್ಲೇಯರ್, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್. ಮುಟ್ಟಿದರೆ ಕೈಗೆಲ್ಲ ಗ್ರೀಸು. ಯಾವುದೂ ನೋಡಲಿಕ್ಕೆ ಚೆಂದ ಇರಲಿಲ್ಲ. ಮೇ ತಿಂಗಳಲ್ಲಿ ಅಪ್ಪ ಬಂಡಿಹಬ್ಬಕ್ಕೆ ಅಂತ ಅಂಕೋಲೆಗೆ ಹೋದ ದಿನ ಬೀದಿಯಲ್ಲಿ ಗುಜರಿಯವನ ಆಟೋ ಕೂಗುತ್ತಾ ಬಂತು. ಟ್ರಂಕ್ ಸಮೇತ ತೂಗಿಸಿದೆ. 11 ಕಿಲೋ. ಕಿಲೋಗೆ 28 ರೂಪಾಯಿಯಂತೆ 308 ರೂಪಾಯಿ. ಅವನು ಚೌಕಾಸಿಯನ್ನೇ ಮಾಡಲಿಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು.

ಸಂಜೆ ಬಂದ ಅಪ್ಪ ಅಟ್ಟದ ಕಡೆ ಒಮ್ಮೆ ನೋಡಿದ. "ಹದಿನಾಲ್ಕು-ಹದಿನೈದರ ಪಾನಾನೂ ಅದ್ರಲ್ಲೇ ಇತ್ತೇನೆ?" ಅಂತಷ್ಟೇ ಕೇಳಿದ. ಇದ್ದಿರಬೇಕು ಅಂದೆ. ಅಷ್ಟಕ್ಕೆ ಚಾ ಕುಡಿದು ಹೊರಗೆ ಹೋದ. ಬೈದಿದ್ದರೆ ಒಳ್ಳೆಯದಿತ್ತು.

ಅದೇ ವಾರ ಡಬ್ಬಿ ಬಂತು. ಕಿತ್ತಳೆ-ಕಪ್ಪು ಬಣ್ಣ, 46 ಪೀಸು, ಒಂದೊಂದಕ್ಕೂ ಅದರದೇ ಅಚ್ಚಿನ ಗೂಡು. ಎಂಆರ್‌ಪಿ 1,999, ನಮಗೆ 599. ಮುಚ್ಚಳ ತೆಗೆದರೆ ಕನ್ನಡಿಯಂತೆ ಮಿಂಚು. ಪ್ರತಿ ಪಾನಾದ ಮೇಲೂ "ಕ್ರೋಮ್ ವೆನೇಡಿಯಂ" ಅಂತ ಬರೆದಿತ್ತು. ಅದು ಒಳ್ಳೆಯ ಪಾನಾ, ಸ್ಕ್ರೂಡ್ರೈವರ್‌ಗಳಿಗೆ ಬಳಸುವ ಮಿಶ್ರ ಉಕ್ಕಿನ ಹೆಸರು. ಹಾಗಂತ ಬರೆಯುವುದಕ್ಕೆ ಬೇಕಾದದ್ದು ಉಕ್ಕಲ್ಲ, ಬರೀ ಅಚ್ಚು ಅಂತ ನನಗೆ ಯಾರೂ ಹೇಳಿರಲಿಲ್ಲ.

46 ಅನ್ನುವ ಲೆಕ್ಕವೂ ಒಂದು ಕಣ್ಕಟ್ಟು. ಅದರಲ್ಲಿ 30 ಪೀಸು ಸ್ಕ್ರೂಡ್ರೈವರ್ ಹಿಡಿಗೆ ಸಿಕ್ಕಿಸುವ ಕಿರುಬೆರಳಿನಷ್ಟು ತುದಿಗಳು. ಅವುಗಳಲ್ಲಿ 26ನ್ನು ನಾನು ಇವತ್ತಿನವರೆಗೂ ಮುಟ್ಟಿಲ್ಲ.

ಕೈಯದೋ ತಪ್ಪು, ಕಬ್ಬಿಣದ್ದೋ?

ಮೊದಲು ಕೈಕೊಟ್ಟದ್ದು ಸ್ಟಾರ್ ಸ್ಕ್ರೂಡ್ರೈವರ್. ನಾವು 'ಸ್ಟಾರ್' ಅಥವಾ 'ಪ್ಲಸ್' ಅನ್ನುವ ಈ ತುದಿಗೆ ಅಮೆರಿಕದ ಹೆನ್ರಿ ಫಿಲಿಪ್ಸ್ ಎಂಬವರ ಹೆಸರಿದೆ; 1936ರಲ್ಲಿ ಅವರಿಗೆ ಅದರ ಪೇಟೆಂಟ್ ಸಿಕ್ಕಿತು. ಅದರಲ್ಲೂ ಅಳತೆಗಳಿವೆ. ಮನೆಯ ಕದ, ಸ್ವಿಚ್‌ಬೋರ್ಡ್, ಮಿಕ್ಸಿಗೆ ಹೆಚ್ಚಾಗಿ ಬೇಕಾಗುವುದು 2ನೇ ನಂಬರಿನದು. ತುದಿ ಗಾಡಿಯೊಳಗೆ ಬಿಗಿಯಾಗಿ ಕೂರದಿದ್ದರೆ, ಅಥವಾ ಅದರ ಉಕ್ಕು ಮೆದುವಾಗಿದ್ದರೆ, ಒತ್ತಿ ತಿರುಗಿಸುವಾಗ ಜಾರಿ ಮೇಲೆ ಬರುತ್ತದೆ. ಎರಡು ಸಲ ಜಾರಿದರೆ ಸ್ಕ್ರೂವಿನ ತಲೆಯೇ ಸವೆದು ಬಟ್ಟಲಾಗುತ್ತದೆ. ಆಮೇಲೆ ಬ್ರಹ್ಮ ಬಂದರೂ ಬಿಚ್ಚಲಾರ.

ಹಿತ್ತಲ ಬಾಗಿಲಿನ ಕೀಲಿನ ಮೂರು ಸ್ಕ್ರೂ ಹೀಗೆ ಬಟ್ಟಲಾದವು. ನಾನು ತುದಿಯನ್ನು ನೋಡಲೇ ಇಲ್ಲ. ನನ್ನ ಕೈಗೆ ಬಲ ಇಲ್ಲ ಅಂದುಕೊಂಡೆ. ಬಾಗಿಲು ಸರಿಮಾಡಲು ಬಂದ ಬಡಿಗರೂ ನಗುತ್ತಾ, "ಇದೆಲ್ಲ ನೀವು ಮಾಡುವ ಕೆಲಸ ಅಲ್ಲ ತಂಗೀ" ಅಂದರು. ಒಪ್ಪಿಕೊಂಡೆ. ಮೂರು ತಿಂಗಳು ಹಾಗೇ ನಂಬಿದ್ದೆ ಮಾರಾಯ್ರೇ! ಒಂದು ದಿನ ಅಪ್ಪನ ಹಳೆ ಸಹೋದ್ಯೋಗಿಯೊಬ್ಬರು ಬಂದಾಗ ಅವರ ಸ್ಕೂಟರಿನಲ್ಲಿದ್ದ ಸ್ಕ್ರೂಡ್ರೈವರ್ ಇಸಿದುಕೊಂಡು ಫ್ಯಾನಿನ ರೆಗ್ಯುಲೇಟರ್ ಬಿಚ್ಚಿದೆ. ಬೆಣ್ಣೆಯಲ್ಲಿ ತಿರುಗಿದ ಹಾಗೆ ಸ್ಕ್ರೂ ಹೊರಗೆ ಬಂತು. ಅದೇ ಕೈ. ಅದೇ ಬಲ.

ಆ ಹೊತ್ತಿಗೆ ನನಗೆ ಸಿಟ್ಟು ಬಂದದ್ದು 599 ರೂಪಾಯಿಗಲ್ಲ. ಮೂರು ತಿಂಗಳು ನನ್ನನ್ನೇ ದಡ್ಡಿ ಮಾಡಿಟ್ಟಿತಲ್ಲ ಅಂತ. ಕೆಟ್ಟ ಚಪ್ಪಲಿ ಕೊಂಡರೆ ಚಪ್ಪಲಿ ಕೆಟ್ಟದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಕೆಟ್ಟ ಹತಾರ ಹಾಗಲ್ಲ, ನಿಮ್ಮ ಕೈಯೇ ಸರಿಯಿಲ್ಲ ಅಂತ ನಿಮ್ಮನ್ನೇ ನಂಬಿಸುತ್ತದೆ. ಹೊಸದಾಗಿ ಕಲಿಯುವವರಿಗಂತೂ ಹೋಲಿಸಲು ಬೇರೆ ಹತಾರವೇ ಇರುವುದಿಲ್ಲ. ಎಷ್ಟು ಮಂದಿ ಇದೇ ಕಾರಣಕ್ಕೆ "ನಮಗೆ ಇದೆಲ್ಲ ಬರೂದಿಲ್ಲ" ಅಂತ ಕೈಬಿಟ್ಟಿರಬಹುದು.

ಉಳಿದವು ಒಂದೊಂದಾಗಿ ಬಣ್ಣ ಬಿಟ್ಟವು. ಪ್ಲೇಯರ್ ಮುಚ್ಚಿ ಕಿಟಕಿ ಕಡೆ ಹಿಡಿದರೆ ಕತ್ತರಿಸುವ ಎರಡು ಅಂಚುಗಳ ನಡುವೆ ಬೆಳಕು ಕಾಣುತ್ತಿತ್ತು. ವೈರು ತುಂಡಾಗುವ ಬದಲು ಚಪ್ಪಟೆಯಾಗುತ್ತಿತ್ತು. ಸ್ಕ್ರೂ ತಿರುಗಿಸಿ ಬಾಯಿ ಅಗಲ ಮಾಡುವ ಪಾನಾಕ್ಕೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ಅಂಟಲೇ ಇಲ್ಲ. ಅಂದರೆ ಅದು ಉಕ್ಕಲ್ಲ, ಅಚ್ಚಿಗೆ ಹೊಯ್ದ ಸತುವಿನಂಥ ಮೆದು ಲೋಹದ್ದು. ನಲ್ಲಿಯ ನಟ್ ಬಿಗಿ ಮಾಡುವಾಗ ಅದರ ಬಾಯಿ ಅಗಲವಾಗಿ ಜಾರಿ ನನ್ನ ಬೆರಳಿನ ಗೆಣ್ಣು ಸಿಂಕಿಗೆ ಬಡಿದು ಸುಲಿಯಿತು. ಸುತ್ತಿಗೆಯ ತಲೆಗೆ ಬೆಣೆಯೇ ಇರಲಿಲ್ಲ, ಬರೀ ಅಂಟು. ನಮ್ಮ ಪುಣ್ಯ, ಅದು ಹಾರಿ ಬಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಆಯಿ ಎರಡು ಮಾರು ಆಚೆ ನಿಂತಿದ್ದಳು.

ಮತ್ತೆ ನಮ್ಮೂರ ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು, ಜೊತೆಗೆ ಸಮುದ್ರದ ಉಪ್ಪುಗಾಳಿ. ತೆಳು ಲೇಪದಲ್ಲಿ ಒಂದು ಗೀರು ಬಿದ್ದರೆ ಸಾಕು, ತುಕ್ಕು ಅಡಿಯಿಂದ ನುಗ್ಗಿ ಹೊಳಪನ್ನೇ ಸಿಪ್ಪೆಯಂತೆ ಎಬ್ಬಿಸುತ್ತದೆ. ಜೂನ್ ಮುಗಿಯುವುದರೊಳಗೆ ನಮ್ಮ ಕನ್ನಡಿಗಳಿಗೆಲ್ಲ ಚಿಬ್ಬು ಬಂತು. ಗ್ರೀಸು ಮೆತ್ತಿದ ಆ ಕೊಳಕು ಟ್ರಂಕಿನ ಮರ್ಮ ಆಗ ಅರ್ಥವಾಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ಡಬ್ಬಿಗೆ ಅನ್ಯಾಯ ಮಾಡಿದ್ದೆ. ಅಳತೆ ಟೇಪಿನ ತುದಿಯ ಕೊಕ್ಕೆ ಲೊಡಲೊಡ ಅಲ್ಲಾಡುತ್ತದೆ ಅಂತ ಅದನ್ನೂ ಬೈದಿದ್ದೆ. ಅಪ್ಪ ನಕ್ಕ. ಆ ಕೊಕ್ಕೆ ಅಲ್ಲಾಡಲೇಬೇಕಂತೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ, ಗೋಡೆಗೆ ಒತ್ತಿದಾಗ ಒಳಗೆ, ಕೊಕ್ಕೆಯ ದಪ್ಪದಷ್ಟೇ ಸರಿದರೆ ಎರಡು ಕಡೆಯೂ ಅಳತೆ ಸರಿಯಾಗಿ ಬರುತ್ತದೆ. 46ರಲ್ಲಿ ನಿಯತ್ತಾಗಿ ಕೆಲಸ ಮಾಡಿದ್ದು ಆ ಟೇಪ್ ಒಂದೇ.

ಹೊತ್ತದ ದೀಪ

ಜುಲೈ. ಗೋಡೆಗಳು ಬೆವರುವ ಕಾಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನಿಂತುಹೋಗಿತ್ತು. ನಾನೇ ಹೋಗಿ "ಕಿಚನ್" ಅಂತ ಬರೆದಿದ್ದ ಎಂಸಿಬಿ ಇಳಿಸಿದೆ. ಪ್ಲಾಸ್ಟಿಕ್ ಸ್ಟೂಲ್ ಹತ್ತಿ ಫ್ಯಾನಿನ ವೈರಿಗೆ ಟೆಸ್ಟರ್ ಹಿಡಿದೆ. ದೀಪ ಹೊತ್ತಲಿಲ್ಲ.

"ನೋಡ್ದ್ಯಾ?" ಅಪ್ಪ ಕೇಳಿದ.

"ನೋಡ್ದೆ. ಕರೆಂಟಿಲ್ಲ."

ಅಪ್ಪ ಕಬ್ಬಿಣದ ಸ್ಟೂಲ್ ಹತ್ತಿದ. ಎಡಗೈ ಒದ್ದೆ ಗೋಡೆಗೆ ಊರಿದ, ಬಲಗೈ ವೈರಿಗೆ ಹಾಕಿದ. ಆಮೇಲಿನದು ಒಂದು ಕ್ಷಣದ ಮಾತು. ಒಂದು ಸದ್ದು, ಸ್ಟೂಲ್ ಉರುಳಿದ್ದು, ಅಪ್ಪ ನೆಲದ ಮೇಲೆ. ಉಸಿರಿತ್ತು, ಪ್ರಜ್ಞೆ ಇತ್ತು. ಬಲಗೈ ಮಾತ್ರ ಮಣಿಕಟ್ಟಿನ ಹತ್ತಿರ ಚಮಚದ ಹಾಗೆ ಸೊಟ್ಟಗಿತ್ತು. ಆರು ವಾರ ಪ್ಲಾಸ್ಟರ್. ಸ್ಟೂಲಿನಿಂದ ಬಿದ್ದದ್ದೇ ಒಳ್ಳೆಯದಾಯ್ತು, ವೈರಿಗೆ ಅಂಟಿಕೊಂಡಿದ್ದರೆ ಕಥೆ ಬೇರೆ ಇತ್ತು ಅಂತ ಡಾಕ್ಟರ್ ಹೇಳಿದರು.

ರಾತ್ರಿ ಆ ಟೆಸ್ಟರ್ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಇದರೊಳಗೆ ಇರುವುದೇ ಮೂರು-ನಾಲ್ಕು ಸಾಮಾನು. ತುದಿಯ ಹಿಂದೆ ಒಂದು ರೆಸಿಸ್ಟರ್, ಅದರಾಚೆ ಪುಟ್ಟ ನಿಯಾನ್ ಬಲ್ಬ್, ಒಂದು ಸ್ಪ್ರಿಂಗ್, ಕೊನೆಗೆ ನಾವು ಬೆರಳಿಡುವ ಲೋಹದ ಟೋಪಿ. ಕರೆಂಟು ಈ ದಾರಿಯಲ್ಲಿ ಬಂದು ನಮ್ಮ ಮೈಮೂಲಕವೇ ನೆಲಕ್ಕೆ ಇಳಿಯುತ್ತದೆ. ರೆಸಿಸ್ಟರ್ ಹತ್ತು ಲಕ್ಷ ಓಮ್‌ನ ಆಸುಪಾಸಿನದು. ಅದು ಕರೆಂಟನ್ನು ಒಂದು ಮಿಲಿಆಂಪಿಗಿಂತ ಕಡಿಮೆ ಮಾಡುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ನಮ್ಮ ಟೆಸ್ಟರಿನ ಸ್ಪ್ರಿಂಗ್ ತುಕ್ಕು ಹಿಡಿದು ಎರಡು ತುಂಡಾಗಿತ್ತು. ದಾರಿಯೇ ಕಡಿದ ಮೇಲೆ ದೀಪ ಎಲ್ಲಿಂದ ಹೊತ್ತಬೇಕು? ರೆಸಿಸ್ಟರನ್ನೇ ಸರಿಯಾಗಿ ಕೂರಿಸದೆ ಮಾರಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಪೂರ್ತಿ ತಪ್ಪನ್ನು ಸ್ಪ್ರಿಂಗಿನ ಮೇಲೆ ಹಾಕಿ ಕೈತೊಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ನಾನು ಇಳಿಸಿದ್ದು ತಪ್ಪು ಎಂಸಿಬಿ. ಅಡುಗೆಮನೆ ದೊಡ್ಡದು ಮಾಡಿದಾಗ ಆ ಫ್ಯಾನಿನ ಲೈನನ್ನು ಹಾಲ್‌ನಿಂದ ಎಳೆದಿದ್ದರು. ಟೆಸ್ಟರನ್ನು ಮೊದಲು ಕರೆಂಟ್ ಇದೆ ಅಂತ ಖಾತ್ರಿಯಿರುವ ಸಾಕೆಟ್‌ಗೆ ಹಿಡಿದು, ದೀಪ ಹೊತ್ತುವುದನ್ನು ನೋಡಿ, ಆಮೇಲೆ ಕೆಲಸದ ಜಾಗಕ್ಕೆ ಹಿಡಿಯಬೇಕು. ಮುಗಿದ ಮೇಲೆ ಮತ್ತೊಮ್ಮೆ ಸಾಕೆಟ್‌ಗೆ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ನಿಂತರೆ ಒಳ್ಳೆಯ ಟೆಸ್ಟರೂ ಮಂಕಾಗುತ್ತದೆ. ಕಿಟಕಿಯ ಬಿಸಿಲಿನಲ್ಲಿ ಆ ಮಂಕು ಕಾಣುವುದೇ ಇಲ್ಲ. ಆಫೀಸಿನಲ್ಲಿ ಇಂಥ ಪಾಠವನ್ನು ನಾನೇ ಹೊಸಬರಿಗೆ ಹೇಳಿಕೊಡುತ್ತೇನೆ: ಟೆಸ್ಟ್ ಪಾಸಾಯ್ತು ಅನ್ನುವ ಮೊದಲು ಆ ಟೆಸ್ಟ್ ನಿಜವಾಗಿ ಓಡಿದೆಯಾ ನೋಡಿ ಅಂತ. ಮನೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದ್ದೂ ಆಮೇಲೆಯೇ. ಕರೆಂಟು ಮೈಮೂಲಕ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುವ ಸಾಧನ ಅದು. ನಿಮ್ಮ ಬಾಡಿಗೆ ಮನೆಯಲ್ಲಿ ಇದೆಯೋ ಇಲ್ಲವೋ, ಇವತ್ತೇ ಬೋರ್ಡ್ ತೆಗೆದು ನೋಡಿ. ಅದರ ಮೇಲೆ 'ಟಿ' ಅಂತ ಒಂದು ಪುಟ್ಟ ಗುಂಡಿ ಇರುತ್ತದೆ.

ಅಪ್ಪ ನನಗೆ ಏನೂ ಅನ್ನಲಿಲ್ಲ. ಮೂರನೇ ದಿನ ಆಯಿ ಅನ್ನ ಕಲಸಿ ಕೊಡುತ್ತಿದ್ದಾಗ, "ನಾನಾದ್ರೂ ಮತ್ತೊಂದ್ಸಲ ಹಿಡಿದು ನೋಡ್ಬೇಕಿತ್ತು. ನೀ ನೋಡ್ದೆ ಅಂದ್ಯಲ್ಲ, ಅದಕ್ಕೆ ಬಿಟ್ಟೆ" ಅಂದ. ಅಷ್ಟೇ.

ದೂರು ಕೊಟ್ಟೆವಾ ಅಂತ ಕೇಳುತ್ತೀರಿ. ಡಬ್ಬಿಯ ಮೇಲೆ ತಯಾರಕರ ಹೆಸರು ಹುಡುಕಿದೆ. ಇರಲಿಲ್ಲ. ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ತಯಾರಿಸಿದವರ ಇಲ್ಲವೇ ಆಮದು ಮಾಡಿದವರ ಹೆಸರು-ವಿಳಾಸ, ಗ್ರಾಹಕರು ಸಂಪರ್ಕಿಸಬೇಕಾದ ವಿವರ, ಹೊರಗಿನದಾದರೆ ಯಾವ ದೇಶದ್ದು ಅನ್ನುವುದು ಇರಲೇಬೇಕು ಅಂತ 2011ರ ಪ್ಯಾಕೇಜ್ಡ್ ಸರಕುಗಳ ನಿಯಮ ಹೇಳುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಹೇಳಿಕೊಂಡೆ. ತಿಂಗಳಾದ ಮೇಲೆ 599 ರೂಪಾಯಿ ಖಾತೆಗೆ ವಾಪಸ್ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷವಿರುವ ಸಾಮಾನಿನಿಂದ ಆದ ಗಾಯಕ್ಕೂ ಪರಿಹಾರ ಕೇಳುವ ಅವಕಾಶ ಇದೆ. ಆದರೆ ಅಪ್ಪ ಬೇಡ ಅಂದ. "ಕೈ ಮುರಿದದ್ದು ಟೆಸ್ಟರಿಂದಲೋ, ತಪ್ಪು ಸ್ವಿಚ್ಚಿಂದಲೋ ಅಂತ ವಕೀಲರು ಕೇಳಿದ್ರೆ ಎಂತ ಹೇಳ್ತೆ?" ನನ್ನಲ್ಲಿ ಉತ್ತರ ಇರಲಿಲ್ಲ.

ಅಂಕೋಲೆಯ ಕುಲುಮೆ

ಪ್ಲಾಸ್ಟರ್ ತೆಗೆದ ಮೇಲೆ ಆಯಿಯ ಮೆಟ್ಟುಗತ್ತಿ ಹದ ಮಾಡಿಸಲು ಅಂಕೋಲೆಗೆ ಹೋದೆವು. ಕಾಲಲ್ಲಿ ಮೆಟ್ಟಿ ಕೂತು ಮೀನು, ತರಕಾರಿ ಕೊಯ್ಯುವ ಈ ಕತ್ತಿಗೆ ನಮ್ಮ ಪಕ್ಕದ ಮನೆ ಕೊಂಕಣಿಯವರು ಆದೊಳಿ ಅನ್ನುತ್ತಾರೆ. ಅಜ್ಜಿಯ ಕಾಲದ್ದು. ಅದರ ಬದಲಿಗೆ ಅಂತ ನಾನು ತಂದುಕೊಟ್ಟ ಸ್ಟೀಲಿನ ಚಾಕು ಸೆಟ್ ಇಸ್ವಾಣದ ಮುಳ್ಳಿಗೇ ಅಂಚು ಮಡಿಸಿಕೊಂಡಿತ್ತು. ಅದನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ.

ಆಚಾರಿಯವರು ಚಾಕುವಿನ ಅಂಚಿಗೆ ಅರ ಎಳೆದರು. ಅರ ಕಚ್ಚಿ ಪುಡಿ ಉದುರಿತು. ಮೆಟ್ಟುಗತ್ತಿಯ ಬಾಯಿಗೆ ಎಳೆದರು. ಗಾಜಿನ ಮೇಲೆ ಹೋದಂತೆ ಜಾರಿತು. "ಇಷ್ಟೇ ತಂಗೀ. ಅರ ಕಚ್ಚಿದ್ರೆ ಅದಕ್ಕೆ ಹದ ಇಲ್ಲ. ಕಬ್ಬಿಣ ಬೇರೆ, ಉಕ್ಕು ಬೇರೆ. ಉಕ್ಕಾದ್ರೂ ನೀರು ಕುಡಿಸೂದು ಗೊತ್ತಿರ್ಬೇಕು."

ಅವರು ಕತ್ತಿಗೆ ಬಳಸುವುದು ಹಳೆ ಲಾರಿಗಳ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಇಂಗಾಲ ಶೇಕಡಾ 0.5ರಿಂದ 0.6ರಷ್ಟು ಇರುತ್ತದೆ. ಗ್ರಿಲ್, ಗೇಟಿಗೆ ಬಳಸುವ ಮೆದು ಉಕ್ಕಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ಅದನ್ನು ಎಷ್ಟು ಕಾಸಿ ಅದ್ದಿದರೂ ಗಟ್ಟಿಯಾಗದು. ಇಂಗಾಲ ಇದ್ದರೂ ಕೆಂಪಗೆ ಕಾಸಿ ಒಮ್ಮೆಗೇ ಅದ್ದಿ ಬಿಟ್ಟರೆ ಗಾಜಿನಂತೆ ಚೂರಾಗುತ್ತದೆ. ಹಾಗಾಗಿ ಮತ್ತೆ ಸಣ್ಣಗೆ ಕಾಸಬೇಕು. ಉಜ್ಜಿದ ಅಂಚಿನಲ್ಲಿ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಓಡುತ್ತದೆ. ಕತ್ತಿಗೆ ಎಲ್ಲಿ ನಿಲ್ಲಿಸಬೇಕು, ಉಳಿಗೆ ಎಲ್ಲಿ ಅನ್ನುವುದೇ ವಿದ್ಯೆ. ನನ್ನ ಡಬ್ಬಿಯಲ್ಲಿ ಕಾಣೆಯಾಗಿದ್ದದ್ದು ಇದೇ ಹಂತ. ಬಣ್ಣ, ಅಚ್ಚು, ಹೊಳಪಿಗೆ ಖರ್ಚು ಮಾಡಿದವರು ಈ ಬೆಂಕಿಗೆ ಖರ್ಚು ಮಾಡಿರಲಿಲ್ಲ. ಅದು ಫೋಟೋದಲ್ಲಿ ಕಾಣುವುದಿಲ್ಲವಲ್ಲ.

(1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಭಾರತದಿಂದ ಬಂದ ಒಂದು ಉಕ್ಕಿನ ಬಗ್ಗೆ ಪ್ರಬಂಧ ಓದಿದರು. ಅದನ್ನವರು 'ವೂಟ್ಜ್' ಅಂತ ಕರೆದರು. ಆ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದದ್ದು ಅನ್ನುವುದು ಹಲವರ ಅಭಿಪ್ರಾಯ. ಇಂಥ ಪದ ಆಡುವ ನಾವು ಆನ್‌ಲೈನ್‌ನಲ್ಲಿ ಸತುವಿನ ಪಾನಾ ಕೊಳ್ಳುತ್ತೇವೆ.)

ಊರ ಕುಲುಮೆಯದೆಲ್ಲ ಚಿನ್ನ, ಕಾರ್ಖಾನೆಯದೆಲ್ಲ ಕಸ ಅಂತ ನಾನು ಹೇಳುತ್ತಿಲ್ಲ. ಕಾರವಾರದ ಭಾನುವಾರದ ಸಂತೆಯಲ್ಲಿ ಕೊಂಡ ಒಂದು ಕತ್ತಿ ಮೊದಲನೇ ಎಳನೀರಿಗೇ ಬಾಯಿ ಒಡೆದುಕೊಂಡದ್ದು ನಮ್ಮ ಮನೆಯಲ್ಲೇ ಇದೆ. ಅಪ್ಪನ ಟ್ರಂಕಿನ ಪ್ಲೇಯರ್, ಪಾನಾಗಳೆಲ್ಲ ಕಾರ್ಖಾನೆಯವೇ. ಪಂಜಾಬಿನ ಜಲಂಧರ್, ಲೂಧಿಯಾನಾ ಕಡೆ ಇಂದಿಗೂ ಒಳ್ಳೆಯ ಹತಾರ ತಯಾರಾಗುತ್ತದೆ. ಆ ಟ್ರಂಕಿನ ಹ್ಯಾಕ್ಸಾದ ಚೌಕಟ್ಟು ಸೊಟ್ಟಗಿದ್ದು ಯಾವತ್ತೂ ನೇರ ಕೊಯ್ಯಲಿಲ್ಲ ಅಂತ ಅಪ್ಪನೇ ಹೇಳುತ್ತಾನೆ.

ನನಗೆ ನೆನಪುಳಿದದ್ದು ಆಚಾರಿಯವರು ಹೇಳಿದ ಇನ್ನೊಂದು ಮಾತು. ವಯಸ್ಸಿನಲ್ಲಿ ಅವರೊಮ್ಮೆ ಅವಸರಕ್ಕೆ ಹದ ತಪ್ಪಿದ ಕತ್ತಿ ಕೊಟ್ಟುಬಿಟ್ಟಿದ್ದರಂತೆ. ಕೊಂಡವರು ಬೆಳಿಗ್ಗೆ ಬಂದು ಅದನ್ನು ಕುಲುಮೆಯ ಮುಂದೆ, ನಾಲ್ಕು ಜನರ ಎದುರು ಎಸೆದು ಹೋದರು. "ಮತ್ತೆ ಆರು ತಿಂಗಳು ಅದೇ ದಾರೀಲಿ ಮೀನು ತರೂಕೆ ಹೋಗೂಕೂ ನಾಚಿಕೆ" ಅಂದರು. ನಾನು ನನ್ನ ಡಬ್ಬಿಯನ್ನು ಎಲ್ಲಿ ಒಯ್ದು ಎಸೆಯಲಿ? ಒಂದು ಸ್ಟಾರ್ ಕೊಡಬಹುದಿತ್ತು, ಕೊಟ್ಟೆ. ಮರುತಿಂಗಳು ಅದೇ ಡಬ್ಬಿ, ಅದೇ ಫೋಟೋ, ಬೇರೆ ಹೆಸರಿನಲ್ಲಿ ಮಾರಾಟಕ್ಕಿತ್ತು. ಬಣ್ಣ ಮಾತ್ರ ಹಸಿರು.

ಬರುವ ದಾರಿಯಲ್ಲಿ ಕಾರವಾರದ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಅಪ್ಪ ಒಂದು ಪ್ಲೇಯರ್ ಎತ್ತಿಕೊಂಡು ಟ್ಯೂಬ್‌ಲೈಟ್ ಕಡೆ ಹಿಡಿದು ಮುಚ್ಚಿದ, ತೆರೆದ. ಕೀಲು ಅಲ್ಲಾಡುತ್ತದಾ ನೋಡಿದ. ಜೇಬಿನಿಂದ ಒಂದು ತೆಳು ವೈರಿನ ತುಂಡು ತೆಗೆದು ಅಂಚಿನ ತುದಿಯಲ್ಲಿ ಒಮ್ಮೆ, ಬುಡದಲ್ಲಿ ಒಮ್ಮೆ ಕತ್ತರಿಸಿದ. "ಬೇರೆ ತೋರಿಸಿ." ಎರಡನೆಯದು. "ಬೇರೆ ತೋರಿಸಿ." ನನಗೆ ಮುಜುಗರ. ಅಂಗಡಿಯವರು ಬೇಜಾರಾಗುವ ಬದಲು ಒಳಗಿನಿಂದ ಇನ್ನೊಂದು ಪೊಟ್ಟಣ ತಂದರು. ಬಂದವರು ಯಾರು ಅಂತ ಅವರಿಗೆ ತಿಳಿದುಹೋಗಿತ್ತು. ಪ್ಲೇಯರ್, 2ನೇ ನಂಬರಿನ ಸ್ಟಾರ್, ಒಂದು ಚಪ್ಪಟೆ ಸ್ಕ್ರೂಡ್ರೈವರ್, ಬೆಣೆ ಹೊಡೆದ ಸುತ್ತಿಗೆ, ಒಂದು ಟೆಸ್ಟರ್. ಐದೇ ಸಾಮಾನು. ಡಬ್ಬಿಯ ಎರಡರಷ್ಟು ಹಣವಾಯಿತು. ಟೆಸ್ಟರನ್ನು ಅಂಗಡಿಯ ಸಾಕೆಟ್‌ಗೇ ಹಿಡಿದು ನೋಡಿದ್ದು ನಾನು.

ಗುಜರಿಯವರ ಅಡ್ಡೆಗೂ ಒಂದು ದಿನ ಒಬ್ಬಳೇ ಹೋಗಿದ್ದೆ, ಅಪ್ಪನಿಗೆ ಹೇಳದೆ. ಸಿಗುತ್ತದೆ ಅಂತೇನಲ್ಲ. "ಅದೆಲ್ಲ ಆವಾಗ್ಲೇ ಹುಬ್ಬಳ್ಳಿ ಲಾರಿಗೆ ಹೋಯ್ತಲ್ಲ ಮೇಡಂ, ಕರಗಿಸಿ ಆಗಿರ್ತದೆ" ಅಂದರು. ಹದಿನಾಲ್ಕು-ಹದಿನೈದರ ಪಾನಾ ಮಾತ್ರ ಟ್ರಂಕಿನಲ್ಲಿ ಇರಲೇ ಇಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ, ಬಟ್ಟೆ ಸುತ್ತಿಕೊಂಡು ಕೂತಿತ್ತು. ಆ ವರ್ಷ ಆಯುಧ ಪೂಜೆಗೆ ಮಣೆಯ ಮೇಲೆ ನನ್ನ ಲ್ಯಾಪ್‌ಟಾಪ್, ಅದರ ಪಕ್ಕ ಆ ಪಾನಾ, ಐದು ಹೊಸ ಸಾಮಾನು, ಆಯಿಯ ಮೆಟ್ಟುಗತ್ತಿ. ಎಲ್ಲಕ್ಕೂ ಅಪ್ಪ ಎಡಗೈಯ ಆಸರೆಯಲ್ಲಿ ಬಲಗೈಯಿಂದಲೇ ಕುಂಕುಮ ಹಚ್ಚಿದ.

ಕಿತ್ತಳೆ ಡಬ್ಬಿ ಏನಾಯಿತು ಅಂದರೆ, ಅದು ಈಗ ಅಪ್ಪನದು. ಹತಾರಗಳನ್ನೆಲ್ಲ ತೆಗೆದು ಗುಜರಿಗೆ ಹಾಕಿದ. ಅಳತೆ ಟೇಪ್ ಮಾತ್ರ ಉಳಿಸಿಕೊಂಡ. ಖಾಲಿ ಗೂಡುಗಳಲ್ಲಿ ಅಳತೆಗೊಂದರಂತೆ ಗಾಳಗಳನ್ನೂ ಸೀಸದ ಗುಂಡುಗಳನ್ನೂ ಜೋಡಿಸಿದ್ದಾನೆ. ಸಂಜೆ ಮಳೆ ಬಿಟ್ಟರೆ ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಕೋಡಿಬಾಗದ ಕಡೆ, ಕಾಳಿ ಸಮುದ್ರ ಸೇರುವಲ್ಲಿಗೆ ಹೋಗುತ್ತಾನೆ. ಡಬ್ಬಿಯ ಮುಚ್ಚಳ ಮಾತ್ರ ಬಲು ಚೆನ್ನಾಗಿದೆಯಂತೆ, ಒಂದು ಹನಿ ನೀರೂ ಒಳಗೆ ಹೋಗುವುದಿಲ್ಲವಂತೆ.